ಪೈಪಿನ ಬಾಣಂತನ

ಗಿಣಿಗೇರಾದ ಪಂಪಾಪತಿಯ ಶೆಡ್ಡಿನಲ್ಲಿ ಆಗುತ್ತಿದ್ದಂಥ ಬಾಣಂತನ ಆ ಊರಿನ ಯಾವ ಹೆಣ್ಣುಮಗಳಿಗೂ ಆಗಿಲ್ಲ. ಆ ಸುಖ ಕಂಡದ್ದೆಲ್ಲ ಪೈಪುಗಳು.

ಪಂಪಾಪತಿ ಯಲಬುರ್ಗಾ ಕಡೆಯವನು. ಸುತ್ತಮುತ್ತಲಿನ ಉಕ್ಕಿನ ಕಾರ್ಖಾನೆಗಳಿಗೆ ಪೈಪು ಬೆಸೆದುಕೊಡುವ ಗುತ್ತಿಗೆ ಹಿಡಿದು, ರಸ್ತೆಯ ಬದಿಗೆ ತಗಡಿನ ಶೆಡ್ಡು ಹಾಕಿಕೊಂಡಿದ್ದ. ದಪ್ಪ ಪೈಪನ್ನು ಬೆಸೆದ ಕೂಡಲೇ ಕೆಲಸ ಮುಗಿಯುವುದಿಲ್ಲ. ಬೆಸುಗೆಯ ಬಿಸಿ ಒಮ್ಮೆಲೇ ಆರಿದರೆ ಉಕ್ಕು ಒಳಗೊಳಗೇ ಬಿಗಿದುಕೊಂಡು ಗಡಸಾಗುತ್ತದೆ, ಮುಂದೆ ಎಂದೋ ಒಂದು ದಿನ ಬಿರಿಯುತ್ತದೆ. ಅದಕ್ಕೇ ಬೆಸೆದ ಜಾಗಕ್ಕೆ ಕರೆಂಟಿನ ಸುರುಳಿ ಸುತ್ತಿ, ಮೇಲೆ ಬಿಳಿಯ ದಪ್ಪ ಹೊದಿಕೆ ಹೊದಿಸಿ, ನಿಧಾನವಾಗಿ ಕಾಯಿಸಬೇಕು. ಒಂದಿಷ್ಟು ಹೊತ್ತು ಅದೇ ಕಾವಿನಲ್ಲಿಟ್ಟು, ನಿಧಾನವಾಗಿಯೇ ಆರಿಸಬೇಕು. ಇದಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿದೆ. ಪಂಪಾಪತಿ ಅದನ್ನು ಕೊಪ್ಪಳದಲ್ಲಿ ನಡೆದ ಒಂದು ತರಬೇತಿಯಲ್ಲಿ ಕಲಿತುಕೊಂಡು ಬಂದ. ಶೆಡ್ಡಿನವರಿಗೆ ಹೇಳಿಕೊಟ್ಟ. ಅವರು ಶ್ರದ್ಧೆಯಿಂದ ಕೇಳಿ, ಶ್ರದ್ಧೆಯಿಂದ ಮರೆತರು. ಹೊದಿಕೆ ಯಾವಾಗ ಬೇಕೆಂದರೆ ಆವಾಗ ತೆಗೆಯುವುದು, ಕಾದ ಪೈಪಿನ ಪಕ್ಕ ಫ್ಯಾನು ಹಚ್ಚಿಕೊಂಡು ಕೂಡುವುದು ನಡೆದೇ ಇತ್ತು. ಬೆಸುಗೆಗಳು ಬಿರಿಯುವುದೂ ನಡೆದೇ ಇತ್ತು.

ಒಂದು ದಿನ ತಲೆಕೆಟ್ಟು ಪಂಪಾಪತಿ ಅಂದುಬಿಟ್ಟ: "ಲೇ, ಇದು ಹಡದ ಬಾಣಂತಿ ಇದ್ದಂಗ. ಬೆಚ್ಚಗಿಡಬೇಕು, ಗಾಳಿ ಸೋಂಕಬಾರದು, ಗಡಿಬಿಡಿ ಮಾಡಬಾರದು. ನಿಮ್ಮ ಹೇಂತಿ ಹಡದಾಗ ಫ್ಯಾನ್ ಹಚ್ಚಿದ್ರೇನು?"

ಒಬ್ಬ ಎದ್ದು ಹೋಗಿ ಫ್ಯಾನು ಆರಿಸಿದ. ಹೇಳಬೇಕಾದ ಮಾತನ್ನು ಯಾರೋ ಈಗ ಕನ್ನಡದಲ್ಲಿ ಹೇಳಿದ್ದರು.

ಅಂದಿನಿಂದ ಆ ಕೆಲಸಕ್ಕೆ ಬಾಣಂತನ ಎಂದೇ ಹೆಸರಾಯಿತು. ಬಿಳಿಯ ಹೊದಿಕೆ ಕೌದಿಯಾಯಿತು. ಒಳಗಿಂದ ಗಾಳಿ ಆಡಬಾರದೆಂದು ಪೈಪಿನ ಎರಡೂ ಬಾಯಿಗೆ ಚಿಂದಿ ತುರುಕುತ್ತಾರಲ್ಲ, ಅದು ಕಿವಿಗೆ ಹತ್ತಿ ಇಟ್ಟಂತಾಯಿತು. ಕಸ ಹೊಡೆಯುವ ಹುಲಿಗವ್ವ ಎಂಟು ಮಂದಿ ಮೊಮ್ಮಕ್ಕಳ ಬಾಣಂತನ ಮಾಡಿದವಳು. ಅವಳಿಗೆ ಯಾರೂ ಕೊಡದೆಯೇ ಹಿರಿತನ ಬಂತು. ಕಾದ ಪೈಪಿನ ಸುತ್ತ ಲೋಬಾನದ ಹೊಗೆ ಹಾಕಿದಳು. ಹೊರಗಿಂದ ಬಂದವರು ಕಾಲು ತೊಳೆಯದೆ ಹತ್ತಿರ ಹೋಗುವಂತಿರಲಿಲ್ಲ. ಹೀಟಿಂಗ್ ಮಷೀನು ನೋಡಿಕೊಳ್ಳುವ ತಾವರಗೇರಾದ ಹನುಮೇಶ, ದೃಷ್ಟಿ ಆಗಬಾರದೆಂದು ಪೈಪಿಗೆ ಕರಿ ದಾರ ಕಟ್ಟಿದ; ಅದು ಸುಟ್ಟುಹೋಗುತ್ತಿತ್ತು, ಮತ್ತೆ ಕಟ್ಟುತ್ತಿದ್ದ. ಬೆಸುಗೆಗಳು ಬಿರಿಯುವುದು ನಿಂತಿತು. ಪಂಪಾಪತಿ ಇದೆಲ್ಲ ತನ್ನ ಬುದ್ಧಿ ಎಂದು ಎಲ್ಲ ಕಡೆ ಹೇಳಿಕೊಂಡು ತಿರುಗಿದ. ಹೌದು, ಅವನದೇ ಬುದ್ಧಿ. ಮುಂದೆ ಆದದ್ದೂ ಅವನ ಬುದ್ಧಿಯಿಂದಲೇ.

ಕಾರ್ಖಾನೆಯೊಂದರಿಂದ ಹೊಸ ಕೆಲಸ ಬಂತು. ಈ ಸಲ ಪೈಪು ಒಂದೇ ಜಾತಿಯ ಉಕ್ಕಿನದಲ್ಲ. ಒಂದು ಕಡೆ ಬಿಸಿ ತಡೆಯುವ ಕರಿ ಉಕ್ಕು, ಇನ್ನೊಂದು ಕಡೆ ತುಕ್ಕು ಹಿಡಿಯದ ಸ್ಟೇನ್‌ಲೆಸ್. ಶೆಡ್ಡಿನವರ ಬಾಯಲ್ಲಿ ಕರಿದು, ಬಿಳಿದು. ಎರಡನ್ನೂ ಕೂಡಿಸಬೇಕು. ಅದನ್ನು ಬೆಸೆಯಲು ಬರುತ್ತದೆಂದು ಪರೀಕ್ಷೆ ಕೊಟ್ಟು ತೋರಿಸಿದವರಿಗೆ ಮಾತ್ರ ಫೋಟೋ ಹಚ್ಚಿದ ಕಾರ್ಡು ಸಿಗುತ್ತದೆ. ಕಾರ್ಡು ಇಲ್ಲದವರು ಆ ಪೈಪು ಮುಟ್ಟುವಂತಿಲ್ಲ. ಶೆಡ್ಡಿನ ಹಿರಿಯ ವೆಲ್ಡರುಗಳಿಬ್ಬರೂ ಪರೀಕ್ಷೆಗೆ ಕೂತರು, ಇಬ್ಬರೂ ಬಿದ್ದರು. ಬೇರೆ ಯಾರೂ ಉಳಿಯದಿದ್ದಾಗ ಪಂಪಾಪತಿಗೆ ಹೆಣ್ಣುಮಕ್ಕಳು ಮುಂದೆ ಬರಬೇಕೆಂಬ ವಿಚಾರ ಹೊಳೆಯಿತು.

ಶೆಡ್ಡಿನಲ್ಲಿ ವೆಲ್ಡಿಂಗ್ ಕಲಿತ ಹೆಣ್ಣುಮಗಳು ಒಬ್ಬಳೇ, ಜರೀನಾ. ಊರಿನ ಕಾಸೀಮಬೀಯ ಮಗಳು. ಕೊಪ್ಪಳದ ಐಟಿಐನಲ್ಲಿ ಬೆಸುಗೆ ಕಲಿತು ಬಂದಿದ್ದಳು. ಬಂದ ದಿನವೇ ಪಂಪಾಪತಿ ಅವಳ ಕೈಗೆ ಗ್ರೈಂಡರ್ ಕೊಟ್ಟಿದ್ದ. ಬೇರೆಯವರು ಬೆಸೆಯುವುದು, ಇವಳು ಉಜ್ಜಿ ಚೊಕ್ಕ ಮಾಡುವುದು. ವರ್ಷಗಟ್ಟಲೆ ಅದೇ. ಅವಳ ಬೆಸುಗೆ ನೋಡಿದವರು "ಕೈ ಛಲೋ ಐತಿ" ಅನ್ನುತ್ತಿದ್ದರು, ಅಂದು ಗ್ರೈಂಡರಿಗೆ ಹೊಸ ಕಲ್ಲು ಹಾಕಿಕೊಡುತ್ತಿದ್ದರು. ಈಗ ಈ ಪರೀಕ್ಷೆಯಲ್ಲಿ ಪಾಸಾದರೆ ಕಾರ್ಡು ಅವಳದು, ಕಾರ್ಖಾನೆಯ ಅಷ್ಟೂ ಬೆಸುಗೆ ಅವಳದು. ಬಿದ್ದರೆ ಕೆಲಸ ಬಳ್ಳಾರಿಯ ಯಾವನೋ ಗುತ್ತಿಗೆದಾರನಿಗೆ ಹೋಗುತ್ತದೆ, ಇವಳು ಗ್ರೈಂಡರಿಗೆ. ಪರೀಕ್ಷೆಗೆಂದು ಕಾರ್ಖಾನೆಯವರು ಕೊಟ್ಟಿದ್ದ ಬಿಳಿ ಪೈಪಿನಲ್ಲಿ ಉಳಿದದ್ದು ಒಂದೇ ತುಂಡು. ಇನ್ನೊಂದು ಕೊಡುವುದಿಲ್ಲವೆಂದು ಮೊದಲೇ ಹೇಳಿದ್ದರು.

ಕಾರ್ಖಾನೆಯ ಪರವಾಗಿ ತಪಾಸಣೆಗೆ ಬರುವವಳು ಸುಮಂಗಲಾ. ಗಂಗಾವತಿಯವಳು, ಇಂಜಿನಿಯರು. ಅವಳು ಕೆಲಸದ ಕ್ರಮವನ್ನು ಎಲ್ಲರನ್ನೂ ಕೂಡಿಸಿಕೊಂಡು ಹೇಳಿದಳು.

"ಕರಿ ಉಕ್ಕಿಗೆ ಕಾಸೋದು ಬೇಕು. ಬಿಳಿ ಉಕ್ಕಿಗೆ ಅದ ಕಾವು ವಿಷ. ಅದಕ್ಕ ಮೊದಲ ಕರಿ ಪೈಪಿನ ತುದಿಗೆ ಒಂದು ಪದರ ನಿಕ್ಕಲ್ ಬೆಸಿಯೋದು. ಬೆಣ್ಣಿ ಸವರಿದಂಗ. ಆ ತುದಿನಷ್ಟ ಕಾಸೋದು. ಅದು ಆರಿದ ಮ್ಯಾಲ ಬಿಳಿದನ್ನ ತಂದು ಕೂಡಿಸೋದು. ಕೂಡಿಸಿದ ಮ್ಯಾಲ ಬೆಂಕಿ ಇಲ್ಲ. ಹಂಗ ಬಿಡೋದು."

"ವಿಷ ಅಂದ್ರ ಹೆಂಗ್ರಿ ಮೇಡಮ್ಮಾರ?" ಪಂಪಾಪತಿ ಕೇಳಿದ.

"ಬಿಳಿ ಉಕ್ಕಿನ್ಯಾಗ ಕ್ರೋಮಿಯಂ ಅಂತ ಒಂದೈತ್ರಿ. ಅದು ಮೈತುಂಬ ಹರಡಿಕೊಂಡಿದ್ರ ತುಕ್ಕು ಹತ್ತಿರ ಬರಂಗಿಲ್ಲ. ಭಾಳ ಹೊತ್ತು ಆ ಕಾವಿನ್ಯಾಗ ಇಟ್ರ ಅದು ಕಾರ್ಬನ್ ಜೋಡಿ ಸೇರಿ ಒಂದೊಂದು ಸಂದಿ ಹಿಡದು ಕುಂದರತೈತಿ. ಉಳದ ಜಾಗಕ್ಕ ಕಾವಲು ಇರಂಗಿಲ್ಲ."

"ವಾಚಮನ್ನರೆಲ್ಲಾ ಕೂಡಿ ಚಾ ಕುಡಿಯಾಕ ಹೋದಂಗ," ಪಂಪಾಪತಿ ಅಂದ.

"ಹಂಗ ತಿಳಕೊಳ್ರಿ."

ಎಲ್ಲರೂ ತಿಳಿದುಕೊಂಡರು. ಹುಲಿಗವ್ವ ಮಾತ್ರ ಕಸಬರಿಗೆ ಹಿಡಿದು ನಿಂತಲ್ಲೇ ಅಂದಳು, "ಕೂಡಿಸೋಕಿಂತ ಮೊದಲ ಬಾಣಂತನ. ಹಡಿಯೋಕಿಂತ ಮೊದಲ ಅಂಟಿನುಂಡಿ ತಿನಿಸಿದಂಗಾತು. ಕಲಿತವರು ಮಾಡೋದು, ನಾವೇನ ಹೇಳೋದೈತಿ."

ಜರೀನಾ ಕರಿ ಪೈಪಿನ ತುದಿಗೆ ಪದರ ಕಟ್ಟಿದಳು. ಹನುಮೇಶ ಅದನ್ನು ಪ್ರೀತಿಯಿಂದ ಕಾಯಿಸಿ ಆರಿಸಿದ. ಶನಿವಾರ ಮಧ್ಯಾಹ್ನ ಜರೀನಾ ಬಿಳಿದನ್ನು ತಂದು ಕೂಡಿಸಿದಳು. ಹೆಲ್ಮೆಟ್ಟು ತೆಗೆದಾಗ ಅವಳ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಬೆಸುಗೆಯ ಗೆರೆ ಮಾತ್ರ ಒಬ್ಬಳೇ ಕೂತು ಹಾಕಿದ ಹೊಲಿಗೆಯಂತೆ ಒಂದೇ ಸಮನೆ ಇತ್ತು. ಸೋಮವಾರ ಸುಮಂಗಲಾ ಬಂದು ನೋಡುವುದಿತ್ತು. ಮನೆಗೆ ಹೋಗುವ ಮುಂಚೆ ಜರೀನಾ, ಯಾರೂ ಅಪ್ಪಿತಪ್ಪಿ ಮುಟ್ಟಬಾರದೆಂದು, ಪೈಪಿನ ಮೇಲೆ ಸೀಮೆಸುಣ್ಣದಿಂದ ದೊಡ್ಡದಾಗಿ ಬರೆದಳು: ಬಾಣಂತನ ಬೇಡ.

ಶೆಡ್ಡಿನಲ್ಲಿ ಆ ಕೆಲಸಕ್ಕೆ ಇದ್ದ ಹೆಸರು ಅದೊಂದೇ. ಅವಳಾದರೂ ಬೇರೆ ಏನು ಬರೆಯಬೇಕು.

ಭಾನುವಾರ ರಜೆ. ಹುಲಿಗವ್ವ ಮೂಲೆ ಮೂಲೆ ಕಸ ತೆಗೆಯಲಿಕ್ಕೆ ಬಂದಿದ್ದಳು, ಹನುಮೇಶ ಮಷೀನಿನ ವೈರು ನೋಡಲಿಕ್ಕೆ. ಸ್ಟ್ಯಾಂಡಿನ ಮೇಲೆ ಹೊದಿಕೆಯಿಲ್ಲದೆ ಮಲಗಿದ್ದ ಪೈಪನ್ನು ನೋಡಿ ಹನುಮೇಶನಿಗೆ ಕರುಳು ಚುರ್ ಅಂದಿತು.

"ನೋಡಬೇ ಯಮ್ಮಾ, ಏನ ಬರದು ಹೋಗ್ಯಾಳ."

"ನನಗೇನ ಓದಾಕ ಬರತೈತಿ? ನೀನ ಓದು."

"ಬಾಣಂತನ ಬ್ಯಾಡ ಅಂತ."

ಹುಲಿಗವ್ವ ಕಸಬರಿಗೆ ಗೋಡೆಗೆ ಆನಿಸಿದಳು. "ನನ್ನ ಸೊಸಿನೂ ಹಿಂಗ ಅಂದಿದ್ಲು. ಬ್ಯಾಡ ಅತ್ತಿ, ನಿಮಗ್ಯಾಕ ತ್ರಾಸು ಅಂತ. ಅಂದ್ಲು ಅಂತ ನಾ ಬಿಟ್ಟಿದ್ರ ಮಂದಿ ನನ್ನ ಮಾರಿಗೆ ಉಗಳತಿದ್ರು. ಬ್ಯಾಡ ಅನ್ನೋದು ಅಕಿ ಮರ್ಯಾದಿ. ಮಾಡೋದು ನಮ್ಮ ಮರ್ಯಾದಿ."

"ಹಂಗಲ್ಲಬೇ, ಮೇಡಮ್ಮಾರೂ ಬ್ಯಾಡಂದಾರ."

"ಅಕಿ ಲಗ್ನ ಆಗ್ಯಾಳೇನು?"

"ಇಲ್ಲ."

"ಮತ್ತ."

ಇಷ್ಟರಲ್ಲಿ ತರ್ಕ ಮುಗಿಯಿತು. ಆದರೂ ಹನುಮೇಶ ಸ್ವಲ್ಪ ಹೊತ್ತು ನಿಂತು ವಿಚಾರ ಮಾಡಿದ. ಜರೀನಾ ಬಡವರ ಮನೆಯ ಹುಡುಗಿ. ಕರೆಂಟು ಸುಡುತ್ತದೆಂದು, ಹನುಮೇಶಣ್ಣನ ರಜೆ ಹಾಳಾಗುತ್ತದೆಂದು ಸಂಕೋಚ ಮಾಡಿಕೊಂಡಿದ್ದಾಳೆ ಎಂದು ಅವನಿಗೆ ಹೊಳೆಯಿತು. ಅಷ್ಟು ಹೊಳೆದ ಮೇಲೆ ಅವನನ್ನು ಯಾರು ಹಿಡಿಯಬೇಕು. ಸುರುಳಿ ಸುತ್ತಿದ. ಚಿಂದಿ ತುರುಕಿದ. ಕೌದಿ ಹೊದಿಸಿದ. ಬಿಳಿದು ನಾಜೂಕಿನದೆಂದು ಆ ಕಡೆಗೆ ಇನ್ನೊಂದು ಪದರ ಹೆಚ್ಚಿಗೆ ಹೊದಿಸಿದ. ಕಾವು ಮೇಲೇರಿ ನಿಂತಿತು. ಎಂದಿನ ಹೊತ್ತು ಸಾಲದೆಂದು, ಪರೀಕ್ಷೆಯ ಪೈಪಲ್ಲವೇ ಎಂದು, ಇನ್ನಷ್ಟು ಹೊತ್ತು ಇಟ್ಟ. ಹುಲಿಗವ್ವ ಲೋಬಾನ ಹಾಕಿದಳು. ಇಬ್ಬರೂ ಒಳ್ಳೆಯ ಮನಸ್ಸಿನವರು. ಕೆಟ್ಟ ಮನಸ್ಸಿನವರಾಗಿದ್ದರೆ ಮನೆಯಲ್ಲಿ ಮಲಗಿರುತ್ತಿದ್ದರು, ಪೈಪು ಉಳಿಯುತ್ತಿತ್ತು.

ಸೋಮವಾರ ಬೆಳಿಗ್ಗೆ ಜರೀನಾ ಬಂದಾಗ ಪೈಪು ಕೌದಿಯೊಳಗೆ ಇನ್ನೂ ಬೆಚ್ಚಗಿತ್ತು. ಅವಳು ಕೈ ಇಟ್ಟು ನೋಡಿದಳು. ಕೈ ತೆಗೆಯಲಿಲ್ಲ.

"ಯಾರು ಮಾಡಿದ್ರಿ?"

"ಯಾರು ಅಂತ ಏನೈತಿ, ಎಲ್ಲಾರೂ ಕೂಡಿ ಮಾಡೀವಿ," ಹನುಮೇಶ ನಾಚಿಕೊಂಡು ಅಂದ. "ನೀ ಏನೂ ಮನಸಿಗೆ ಹಚ್ಚಿಕೋಬ್ಯಾಡ ತಂಗಿ. ರಜಾ ಹೋದ್ರ ಹೋತು."

"ಅಣ್ಣಾ, ನಾ ಬ್ಯಾಡಂತ ಬರದಿದ್ನೆಲ್ಲ."

"ಬರದಿದ್ದಿ."

"ಓದಿದಿ?"

"ಓದಿದೆ. ಅದಕ್ಕ ಇನ್ನಾ ಛಲೋ ಮಾಡೀನಿ."

ಜರೀನಾ ಕೌದಿ ಬಿಚ್ಚಿದಳು. ಕರಿ ಕಡೆ ಹೇಗಿತ್ತೋ ಹಾಗೇ ಇತ್ತು. ಬಿಳಿ ಕಡೆ ಮೈಯೆಲ್ಲ ನೀಲಿ, ಕಂದು, ನೇರಳೆ ಬಣ್ಣ ಎದ್ದು, ಹಬ್ಬದಲ್ಲಿ ಬಣ್ಣ ಎರಚಿಸಿಕೊಂಡು ಬಂದವರಂತೆ ಕಾಣುತ್ತಿತ್ತು. ಹುಲಿಗವ್ವ ಹತ್ತಿರ ಬಂದು ನೋಡಿ, "ಮೈಕಳೆ ಬಂದೈತಿ ನೋಡು," ಅಂದಳು.

ಪಂಪಾಪತಿ ಬಂದ. ನೋಡಿದ ಕೂಡಲೇ ಅವನಿಗೆ ಸುಮಂಗಲಾ ಹೇಳಿದ ವಾಚಮನ್ನರ ಮಾತು ನೆನಪಾಯಿತು. ಅದು ತಾನೇ ಹೇಳಿದ್ದು ಎಂಬುದೂ ನೆನಪಾಯಿತು. ಹನುಮೇಶನನ್ನು ಹೊರಗೆ ಕರೆದುಕೊಂಡು ಹೋಗಿ ಬೈದು ಬಂದ. ಬಂದು ಜರೀನಾಳ ಪಕ್ಕ ಸ್ಟೂಲು ಎಳೆದುಕೊಂಡು ಕೂತ.

"ನೋಡವಾ ತಂಗಿ. ಆಗಿದ್ದು ಆತು. ಬಣ್ಣ ಮ್ಯಾಲಿಂದು, ತಿಕ್ಕಿದ್ರ ಹೋಗತೈತಿ. ಮೇಡಮ್ಮಾರು ಪೈಪ್ ಕೊಯ್ದು ಬಗ್ಗಿಸಿ ನೋಡ್ತಾರ. ನಿನ್ನ ಬೆಸಿಗಿ ಬಗ್ಗತೈತಿ, ಒಡಿಯಂಗಿಲ್ಲ. ಕಾರ್ಡು ಕೊಟ್ಟು ಹೋಗ್ತಾರ."

"ಆಸಿಡ್ ಹಚ್ಚಿ ನೋಡಿದ್ರ?"

"ಸಂಶೆ ಬಂದ್ರ ಹಚ್ಚತಾರ. ಸಂಶೆ ಯಾಕ ಬರತೈತಿ? ಕನ್ನಡಿ ಹಂಗ ತಿಕ್ಕಿಡು."

ಹಾಗೆ ಹೇಳಿ ಅವಳ ಕೈಗೆ ಗ್ರೈಂಡರ್ ಕೊಟ್ಟ. ಶೆಡ್ಡಿನಲ್ಲಿ ತಿಕ್ಕುವ ಕೆಲಸ ಅವಳದೇ ತಾನೇ.

ಜರೀನಾ ತಿಕ್ಕಲಿಕ್ಕೆ ಹತ್ತಿದಳು. ಕೈಗೆ ರೂಢಿಯಾದ ಕೆಲಸ, ಬಣ್ಣ ಸುಲಭವಾಗಿ ಹೋಗುತ್ತಿತ್ತು. ಒಂದು ಅಂಗೈಯಷ್ಟು ಜಾಗ ಬೆಳ್ಳಗಾಯಿತು. ಇನ್ನು ಸ್ವಲ್ಪ ತಿಕ್ಕಿದರೆ ಕಾರ್ಡು. ಅಷ್ಟರಲ್ಲಿ ಅವಳ ಬೆನ್ನ ಹಿಂದೆ ಹನುಮೇಶ ಪಕ್ಕದವನಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: "ಪಾಸ್ ಆಗ್ಲಿ ತಡಿ. ಮುಂದಿನ ಪೈಪಿಗೆಲ್ಲಾ ನಾನ ಹಿಂಗ ಮಾಡ್ತೀನಿ. ಸಾವ್ಕಾರ ಬೈದ್ರ ಬೈಲಿ, ಪಾಸಾಗಿದ್ದು ಯಾತರಿಂದ ಅಂತ ಕೇಳ್ತೀನಿ."

ಅವಳು ಗ್ರೈಂಡರ್ ನಿಲ್ಲಿಸಿದಳು.

"ಯಾಕ ನಿಲ್ಲಿಸಿದಿ?" ಪಂಪಾಪತಿ ಕೇಳಿದ.

"ಇದು ಪಾಸಾದ್ರ ಮುಂದಿನವಕ್ಕೂ ಕೌದಿ ಬೀಳತೈತ್ರಿ. ಆರು ತಿಂಗಳಿಗೆ ತುಕ್ಕು ತಿಂದು ಸೋರಾಕ ಹತ್ತತಾವು. ಆವಾಗ ಕಾರ್ಡಿನ ಮ್ಯಾಲ ಹನುಮೇಶಣ್ಣನ ಫೋಟೋ ಇರಂಗಿಲ್ಲ. ನಂದಿರತೈತಿ."

"ಅಲ್ಲವಾ, ಹೇಳಿದ್ರ ಕಾರ್ಡ ಬರಂಗಿಲ್ಲ."

"ಗೊತ್ತೈತ್ರಿ."

"ಮತ್ತ ಗ್ರೈಂಡರ ಹಿಡಿಯೋದು."

"ಹಿಡಿದ ಇದೀನಲ್ರಿ."

ಸುಮಂಗಲಾ ಬಂದಾಗ ಪೈಪು ಅರ್ಧ ಬಿಳಿ, ಅರ್ಧ ನೀಲಿಯಾಗಿ ಸ್ಟ್ಯಾಂಡಿನ ಮೇಲಿತ್ತು. ಅವಳು ಕೇಳುವುದಕ್ಕಿಂತ ಮೊದಲೇ ಜರೀನಾ ಹೇಳಿದಳು, "ಮೇಡಂ, ಕೂಡಿಸಿದ ಮ್ಯಾಲ ಇದಕ್ಕ ಬೆಂಕಿ ಕೊಟ್ಟಾರ್ರಿ."

"ಯಾರ ಕೊಟ್ಟಾರ?"

ಹನುಮೇಶ ಒಂದು ಹೆಜ್ಜೆ ಮುಂದೆ ಬಂದ. ಮರೆಮಾಡುವಂಥದ್ದು ಏನಾದರೂ ಆಗಿದೆ ಎಂದು ಅವನಿಗೆ ಆಗಲೂ ಅನ್ನಿಸಿರಲಿಲ್ಲ.

ಸುಮಂಗಲಾ ಯಾರನ್ನೂ ಬೈಯಲಿಲ್ಲ. ಒಂದು ಪಟ್ಟಿ ಕೊಯ್ಯಿಸಿ ಬಗ್ಗಿಸಿದಳು. ಬೆಸುಗೆ ಬಗ್ಗಿತು, ಒಂದು ಕೂದಲಿನಷ್ಟೂ ಸೀಳಲಿಲ್ಲ. ಶೆಡ್ಡಿನವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಹುಲಿಗವ್ವ ಕಾರಣ ಗೊತ್ತಿದ್ದವಳಂತೆ ತಲೆಯಾಡಿಸಿದಳು. ಆಮೇಲೆ ಸುಮಂಗಲಾ ಬಿಳಿ ಕಡೆಯ ಒಂದು ಚೂರನ್ನು ನುಣುಪಾಗಿ ತಿಕ್ಕಿಸಿ, ಆಸಿಡ್ಡಿನಲ್ಲಿಟ್ಟು ಕರೆಂಟು ಹಾಯಿಸಿ, ತೊಳೆದು, ತಾನು ತಂದಿದ್ದ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ನೋಡಿ ಪಕ್ಕಕ್ಕೆ ಸರಿದಳು. "ಬರ್ರಿ ಹನುಮೇಶಣ್ಣ, ನೀವೂ ನೋಡ್ರಿ."

ಹನುಮೇಶ ಒಂದು ಕಣ್ಣು ಮುಚ್ಚಿ ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ.

"ಏನ ಕಾಣತೈತಿ?"

"ಎರಿಹೊಲ ಒಣಗಿ ಬಿರದಂಗ ಐತ್ರಿ. ಒಂದೊಂದು ಹೆಂಟಿ ಸುತ್ತಲೂ ಕರಿ ಬಿರುಕು."

"ಆ ಬಿರುಕಿನ್ಯಾಗ ಕಾವಲು ಇಲ್ಲ. ತುಕ್ಕು ಅಲ್ಲಿಂದ ಒಳಗ ಹೋಗೋದು."

ಹನುಮೇಶ ನೆಟ್ಟಗೆ ನಿಂತ. ಹುಲಿಗವ್ವನ ಕಡೆ ನೋಡಿದ. ಹುಲಿಗವ್ವ ಅಷ್ಟರಲ್ಲಿ ಶೆಡ್ಡಿನ ಆ ತುದಿಯಲ್ಲಿ, ಕಸವೇ ಇಲ್ಲದ ಜಾಗದಲ್ಲಿ, ಕಸ ಹೊಡೆಯುತ್ತಿದ್ದಳು.

"ನಿನ್ನ ಕೈ ಪಾಸು, ಕೆಲಸ ಫೇಲು," ಸುಮಂಗಲಾ ಜರೀನಾಳಿಗೆ ಅಂದಳು. "ಕಾರ್ಡು ಕೊಡಾಕ ಬರಂಗಿಲ್ಲ. ಕೈಗಷ್ಟ ಕೊಡೋ ಕಾರ್ಡು ನಮ್ಮಲ್ಲಿ ಇಲ್ಲ."

"ಕೌದಿ ಮುಟ್ಟಿದಷ್ಟು ಕೊಯ್ದು ತಗದ್ರ?" ಜರೀನಾ ಕೇಳಿದಳು. "ಆಚಿಕಡೆ ತುದಿ ಬೆಂಕಿ ಕಂಡಿಲ್ರಿ. ಅಲ್ಲಿ ಬಣ್ಣ ಎದ್ದಿಲ್ಲ."

ಸುಮಂಗಲಾ ಟೇಪು ಹಿಡಿದು ಅಳೆದಳು, ಮತ್ತೊಮ್ಮೆ ಅಳೆದಳು. "ಬಣ್ಣ ಇಲ್ಲಂದ ಮಾತ್ರಕ್ಕ ನಾ ನಂಬಂಗಿಲ್ಲ. ಅದರ ಚೂರನ್ನೂ ಆಸಿಡ್ಡಿಗೆ ಇಡ್ತೀನಿ. ಅದು ಪಾಸಾದ್ರ ಉಳಿಯೋದು ಪರೀಕ್ಷೆಗೆ ಸಾಲೋದು ಸಾಲತೈತಿ, ಆದ್ರ ಇನ್ನೊಂದು ಸಲ ತಪ್ಪಾಕ ಜಾಗ ಇಲ್ಲ."

ಆ ಚೂರಿನಲ್ಲಿ ಬಿರುಕು ಕಾಣಲಿಲ್ಲ. ಸುಮಂಗಲಾ ಗುರುವಾರ ಬರುತ್ತೇನೆಂದು ಹೋದಳು.

ಜರೀನಾ ಕಟಿಂಗ್ ಮಷೀನು ಎತ್ತಿಕೊಂಡಳು. ಬಾಣಂತಿಯನ್ನು ಕೊಯ್ಯುವುದು ನೋಡಲಾರೆನೆಂದು ಹುಲಿಗವ್ವ ಹೊರಗೆ ಹೋಗಿ ರಸ್ತೆಯಲ್ಲಿ ನಿಂತಳು. ಬಣ್ಣ ಹಿಡಿದ ಭಾಗ ಬಿಟ್ಟು, ಅದಕ್ಕಿಂತ ನಾಲ್ಕು ಬೆರಳು ಆಚೆಗೇ ಕೊಯ್ದು, ಜರೀನಾ ಬಿಳಿ ಪೈಪಿನ ತುದಿ ಹೊಸದಾಗಿ ಕೆತ್ತಿದಳು. ಕರಿ ಪೈಪಿಗೂ ಹೊಸ ತುದಿ ಮಾಡಿ ಪದರ ಕಟ್ಟಿದಳು. "ಅಣ್ಣಾ, ಇದಕ್ಕ ಮಾಡು. ಎಷ್ಟ ಹೇಳ್ಯಾರ ಅಷ್ಟ," ಅಂದಾಗ ಹನುಮೇಶ, ಕೆಟ್ಟ ಹೆಸರು ಹೊತ್ತು ಬಂದ ಮನೆಯಿಂದ ಮತ್ತೆ ಕರೆ ಬಂದವನಂತೆ ಓಡಿಬಂದ. ಆ ಕರಿ ಪೈಪಿಗೆ ಆದ ಆರೈಕೆ ಹೇಳತೀರದು.

ಬುಧವಾರ ಊಟಕ್ಕಿಂತ ಮೊದಲು ಜರೀನಾ ಎರಡನ್ನೂ ಕೂಡಿಸಿ ಮುಗಿಸಿದಳು. ಈ ಸಲ ಸೀಮೆಸುಣ್ಣ ಮುಟ್ಟಲಿಲ್ಲ. ಸ್ಟೂಲು ಎಳೆದುಕೊಂಡು ಪೈಪಿನ ಪಕ್ಕ ಕೂತುಬಿಟ್ಟಳು. ಊಟದ ಡಬ್ಬಿ ಅಲ್ಲಿಯೇ ಬಿಚ್ಚಿದಳು.

ಹನುಮೇಶ ಎರಡು ಸಲ ಸುತ್ತು ಹಾಕಿ ಬಂದು ನಿಂತ. "ಒಂದು ತೆಳ್ಳನ ಅರಿವಿನಾದ್ರೂ ಹೊಚ್ಚಲೇನು? ಬೆಂಕಿ ಇಲ್ಲ. ಬರೇ ಅರಿವಿ."

"ಬ್ಯಾಡ."

"ಬಾಗಲದಿಂದ ಗಾಳಿ ಬರಾಕತ್ತೈತಿ."

"ಬರ್ಲಿ ಬಿಡಣ್ಣ."

"ನಿನಗ ಮರುಗೋ ಮನಸ ಇಲ್ಲ ತಂಗಿ."

ಹುಲಿಗವ್ವ ದೂರದಿಂದಲೇ ಅಂದಳು, "ಇಕಿಗೆ ಸೊಸಿಯಾಗಿ ಬರೋಕಿ ಗತಿ ಏನೋ ನನಗೊತ್ತಿಲ್ಲ. ಹಡದ ದಿನಾನ ಬಾವಿಗೆ ನೀರಿಗೆ ಕಳಸ್ತಾಳ."

"ಕಳಸ್ತೀನಬೇ. ಅಕಿ ಸ್ಟೀಲಿನಾಕಿ ಇದ್ರ," ಜರೀನಾ ರೊಟ್ಟಿ ಮುರಿಯುತ್ತ ಅಂದಳು.

ಕೈ ಇಟ್ಟರೆ ತಣ್ಣಗೆ ಹತ್ತುವವರೆಗೆ ಅವಳು ಅಲ್ಲಿಂದ ಏಳಲಿಲ್ಲ. ಹೋಗುವಾಗ ಪೈಪನ್ನು ಹೆಗಲ ಮೇಲೆ ಹೊತ್ತು ಮನೆಗೇ ಒಯ್ದಳು. ಕಾಸೀಮಬೀ ಬಾಗಿಲಲ್ಲಿ ನಿಂತು, ಮಗಳು ಹೊತ್ತು ತಂದದ್ದನ್ನು ನೋಡಿ, ದಾರಿ ಬಿಟ್ಟಳು.

ಗುರುವಾರ ಬೆಸುಗೆ ಬಗ್ಗಿತು, ಸೀಳಲಿಲ್ಲ. ಆಸಿಡ್ಡಿಗಿಟ್ಟ ಚೂರಿನಲ್ಲಿ ಬಿರುಕು ಕಾಣಲಿಲ್ಲ. ಸುಮಂಗಲಾ ಹನುಮೇಶನಿಗೂ ತೋರಿಸಿದಳು. ಅವನು ನೋಡಿ, "ಚೊಕ್ಕ ಐತ್ರಿ," ಅಂದು, ಯಾಕೋ ಸಪ್ಪಗಾದ. ಆ ವಾರವೇ ಜರೀನಾಳ ಫೋಟೋ ಇದ್ದ ಕಾರ್ಡು ಬಂತು. ಪಂಪಾಪತಿ ಅದನ್ನು ಮೊದಲು ತಾನು ಹಿಡಿದುಕೊಂಡು ಫೋಟೋ ತೆಗೆಸಿಕೊಂಡ. ಈಗ ಅವನು ಕೊಪ್ಪಳ, ಕುಷ್ಟಗಿ ಎಲ್ಲಿ ಹೋದರೂ, ಕೆಲವಕ್ಕೆ ಬಾಣಂತನ ಮಾಡಬಾರದೆಂದು ಮೊಟ್ಟಮೊದಲು ಕಂಡುಹಿಡಿದವನು ತಾನೇ ಎಂದು ಹೇಳಿಕೊಳ್ಳುತ್ತಾನೆ.

ಕಾರ್ಖಾನೆಯ ಕೆಲಸ ಮುಟ್ಟುವ ಮೊದಲು ಜರೀನಾ ಅವನ ಹತ್ತಿರ ಒಂದೇ ಒಂದು ಕೇಳಿದಳು: ಹೀಟಿಂಗ್ ಮಷೀನಿನ ಕೀಲಿ. ಅಷ್ಟೇನಾ ಎಂದು ಅವನು ಕೊಟ್ಟುಬಿಟ್ಟ. ಅವಳು ಅದನ್ನು ಓಢಣಿಯ ತುದಿಗೆ ಗಂಟು ಹಾಕಿಕೊಂಡಳು. ಈಗ ಹನುಮೇಶ ದಿನಾ ಬೆಳಿಗ್ಗೆ ಬಂದು ಅವಳ ಮುಂದೆ ನಿಲ್ಲಬೇಕು.

"ಕೀಲಿ ಕೊಡವಾ."

"ಯಾವುದಕ್ಕ?"

"ಕರಿದಕ್ಕ."

"ಬರೇ ಕರಿದಕ್ಕ?"

ಹನುಮೇಶ ತಿರುಗಿ ಸ್ಟ್ಯಾಂಡಿನ ಕಡೆ ನೋಡುತ್ತಾನೆ. ನಿನ್ನೆ ಕೂಡಿಸಿದ್ದು ಅಲ್ಲಿ ಬರಿಮೈಯಲ್ಲಿ ಮಲಗಿರುತ್ತದೆ. "ಬರೇ ಕರಿದಕ್ಕ," ಅನ್ನುತ್ತಾನೆ. ಜರೀನಾ ಗಂಟು ಬಿಚ್ಚುತ್ತಾಳೆ.